ಸದ್ದಿಲ್ಲದ ವಾಚು

ಇನ್‌ಸ್ಪೆಕ್ಟರಮ್ಮನಿಗೆ ಓಡಲು ಜೊತೆ ಇರಲಿಲ್ಲ. ಇವತ್ತು ವಾಚೂ ಇರಲಿಲ್ಲ.

ಶೂ ಲೇಸು ಬಿಗಿದು ಹಜಾರದ ಮೇಜಿನತ್ತ ಕೈ ಚಾಚಿದಾಗ ಸಿಕ್ಕಿದ್ದು ಹಳೆಯ ವಾಚು. ಗಾಜು ಮಸುಕಾಗಿ, ಪಟ್ಟಿ ಸೀಳಿ, ಓಟದ ನಡುವೆಯೇ ಕಣ್ಣು ಮುಚ್ಚುತ್ತಿದ್ದ ಮುದುಕ. ಅದನ್ನು ಡ್ರಾಯರಿಗೆ ತಳ್ಳಿ ಹನ್ನೊಂದು ದಿನವಾಗಿತ್ತು. ಬದಲಿಗೆ ಕೊಂಡ ಹೊಸ ವಾಚು ಮಾಯ.

ಮುಂಬಾಗಿಲ ಚಿಲಕ ಹಾಕಿದ ಹಾಗೇ ಇತ್ತು. ಮನೆಯಲ್ಲಿ ಅವಳಲ್ಲದೆ ಇದ್ದವರು ಗಂಡ ಮತ್ತು ನಾದಿನಿ.

"ಪೊಲೀಸರ ಮನೇಲೇ ಕಳ್ಳತನ," ನಾದಿನಿ ಹಲ್ಲುಜ್ಜುತ್ತಲೇ ಹೇಳಿದಳು. "ಹೊರಗೆ ಬಾಯಿ ಬಿಡ್ಬೇಡಿ ಅತ್ತಿಗೆ, ಮಾನ ಹೋಗುತ್ತೆ."

"ಕೈ ತೋರಿಸು."

ಎಡ ಮಣಿಕಟ್ಟಿನಲ್ಲಿ ಬಿಳಿಚಿದ ಗೆರೆಯೊಂದಿತ್ತು.

"ನನ್ನ ಕಾಲೇಜ್ ಬ್ಯಾಂಡಿಂದು. ಸ್ನಾನಕ್ಕೆ ಅಂತ ಬಿಚ್ಚಿದ್ದೀನಿ, ಅಲ್ಲೇ ಇದೆ ನೋಡಿ. ಬೇಕಾದ್ರೆ ಬ್ಯಾಗೂ ಹುಡುಕಿ. ಹುಡುಕಿದ್ಮೇಲೆ ಅದೇ ಬ್ಯಾಗ್ ಎತ್ಕೊಂಡು ಹಾಸ್ಟೆಲಿಗೆ ಹೋಗ್ತೀನಿ."

"ಕೇಳಿದೆ ಅಷ್ಟೇ."

"ಕೇಳಿದ ರೀತಿ ಠಾಣೇದು."

ಒಳಕೋಣೆಯಿಂದ ಗಂಡ ಕೂಗಿದ. "ಅವಳನ್ನ ಬಿಡೇ. ಹಳೇದು ಕಟ್ಕೊಂಡು ಹೋಗು, ಬಿಸಿಲೇರುತ್ತೆ."

* * *

ಹಳೆಯದು ಪೂರ್ತಿ ಚಾರ್ಜ್ ಆಗಿತ್ತು. ಕಳ್ಳ ಹೊಸದನ್ನು ಒಯ್ದು ಹಳೆಯದಕ್ಕೆ ಜೀವ ತುಂಬಿದ್ದ. ಅದರ ಚಾರ್ಜರಿನ ಪಿನ್ನು ಸಡಿಲ; ರಬ್ಬರ್ ಬ್ಯಾಂಡ್ ಬಿಗಿದರಷ್ಟೇ ಹಿಡಿಯುತ್ತಿತ್ತು. ನಾದಿನಿಗೆ ಈ ಉಪಾಯ ಗೊತ್ತಿರಲಿಲ್ಲ.

ಮೊದಲ ಸುತ್ತು ಮುಗಿಸಿ, ದಿನದಂತೆ ಕಟ್ಟಡದ ಗೇಟಿನ ಬಳಿ ಸುತ್ತು ಎಣಿಸುವ ಬಟನ್ ಒತ್ತಿದಳು. ವಾಚು ಕೀಂಕ್ ಎಂದಿತು.

ಅವಳು ನಿಂತುಬಿಟ್ಟಳು. ತಲೆಯೆತ್ತಿ ನೋಡಿದಳು. ನೇರ ಮೇಲೆ ಗಂಡನ ಕೋಣೆಯ ಕಿಟಕಿ.

ದಿನಕ್ಕೆ ಆರು ಸುತ್ತಿನ ಅಭ್ಯಾಸ. ಇವತ್ತು ಬೇಕೆಂದೇ ಐದಕ್ಕೆ ನಿಲ್ಲಿಸಿ ಮೆಟ್ಟಿಲು ಹತ್ತಿದಳು.

* * *

ಗಂಡ ಮಂಚದಲ್ಲಿದ್ದ. ಕಾಲು ದಿಂಬಿನ ಮೇಲೆ, ಊರುಗೋಲು ಗೋಡೆಗೆ. ಸ್ಕೂಟರು ಜಾರಿ ಮೊಣಕಾಲಿಗೆ ಪ್ಲೇಟು ಹಾಕಿಸಿಕೊಂಡು ಆರು ತಿಂಗಳು. ಅದಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಓಡುತ್ತಿದ್ದರು.

"ಯಾಕೆ, ಐದಕ್ಕೇ ಸುಸ್ತಾ?" ಎಂದ.

"ವಾಚು ಎಲ್ಲಿಟ್ಟಿದ್ದೀಯ?"

"ಯಾವ ವಾಚು?"

"ಮಲಗಿದಲ್ಲಿಂದ ನಿಂಗೆ ಎದುರಿನ ಗೋಡೆ ಬಿಟ್ರೆ ಏನೂ ಕಾಣಲ್ಲ. ಐದು ಅಂತ ಹೇಗೆ ಗೊತ್ತಾಯ್ತು?"

ಅವನ ಕೈ ಮೊಣಕಾಲಿನ ಪಟ್ಟಿಯತ್ತ ಸರಿಯಿತು.

"ಹಳೇದು ಗೇಟ್ ಹತ್ರ ಸದ್ದು ಮಾಡುತ್ತೆ. ಹೊಸದು ಕೈಯಲ್ಲೇ ನಡುಗಿ ಸುಮ್ಮನಾಗುತ್ತೆ. ಇಷ್ಟು ತಿಂಗಳು ಎಷ್ಟು ಸುತ್ತು ಓಡಿದೆ ಅಂತ ನೀನು ಒಂದು ದಿನಾನೂ ಕೇಳ್ಲಿಲ್ಲ. ಅದಕ್ಕೆ ಮುನಿಸ್ಕೊಂಡಿದ್ದೆ ನಾನು. ಹೊಸದು ಬಂದ್ಮೇಲೆ ದಿನಾ ಕೇಳ್ತಿದ್ದೀಯ. ಮೊದಲು ಆ ಸದ್ದನ್ನೇ ಎಣಿಸ್ತಿದ್ದೆ, ಅಲ್ವಾ?"

ಗಂಡ ಮೊಣಕಾಲಿನ ಪಟ್ಟಿಯೊಳಗೆ ಬೆರಳು ತೂರಿಸಿ ಹೊಸ ವಾಚು ಹೊರತೆಗೆದ.

"ಹೇಳಬಹುದಿತ್ತಲ್ಲ."

"ಏನಂತ? ಮಲಗಿದಲ್ಲೇ ನಿನ್ನ ಜೊತೆ ಓಡ್ತೀನಿ ಅಂತಾನಾ? ನೀನು ನಗ್ತಿದ್ದೆ." ಅವನು ಗೋಡೆ ನೋಡಿದ. "ನಾಲ್ಕನೇ ಸುತ್ತಲ್ಲಿ ನೀನು ನಿಧಾನ ಆಗ್ತೀಯ. ನಾನೂ ಅಲ್ಲೇ ನಿಧಾನ ಮಾಡ್ತೀನಿ."

ಅವಳು ಹೊಸ ವಾಚನ್ನು ಅವನ ದಿಂಬಿನ ಪಕ್ಕದಲ್ಲೇ ಇಟ್ಟಳು.

"ಆರನೇದು ಬಾಕಿ ಇದೆ," ಎಂದ ಗಂಡ.

ಬಾಗಿಲಲ್ಲಿ ನಾದಿನಿ ನಿಂತಿದ್ದಳು. "ಕಳ್ಳ ಸಿಕ್ಕಿದ್ನಾ ಅತ್ತಿಗೆ?"

"ಸಿಕ್ಕಿದ. ನಿನ್ನ ಕೇಳಿದ್ದು ತಪ್ಪಾಯ್ತು."

"ಲಾಕಪ್ಪಿಗೆ ಹಾಕಲ್ವಾ?"

"ಆರು ತಿಂಗಳಿಂದ ಅಲ್ಲೇ ಇದ್ದಾನೆ."

* * *

ಆರನೆಯ ಸುತ್ತು ಅವಳು ನಿಧಾನವಾಗಿ ಓಡಿದಳು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು. ಗೇಟಿನ ಬಳಿ ಬಟನ್ ಒತ್ತಿದಳು. ಸದ್ದಿಲ್ಲ. ಮತ್ತೊಮ್ಮೆ ಒತ್ತಿದಳು. ಗಾಜಿನಲ್ಲಿ ಅಂಕೆ ಮೂಡಲಿಲ್ಲ; ಹಳೆಯ ವಾಚು ಕಣ್ಣು ಮುಚ್ಚಿತ್ತು.

ಮೇಲೆ ಕಿಟಕಿ ತೆರೆದಿತ್ತು. ಅವನು ಕಾಯುತ್ತಿದ್ದ.

ಕದ್ದ ಮಾಲು ಸಿಕ್ಕಿತ್ತು. ಕಳೆದದ್ದು ಹಳೆಯ ವಾಚು ಒಂದು, ಜೊತೆಗೆ ಓಡದ ಬೆಳಗುಗಳು ಹನ್ನೊಂದು.