ಅಲ್ಲಾಳಸಂದ್ರದ ಕನ್ನಡಕ

ಗೇಟಿನ ಸದ್ದು ಕೇಳಿ ಪಂಕಜಾ ಅಡುಗೆಮನೆಯಿಂದ ಹೊರಗೆ ಬಂದಾಗ ಗಂಗರತ್ನ ಅಂಗಳದಲ್ಲಿ ನಿಂತು ತುಳಸಿಕಟ್ಟೆಯ ಅಂಚನ್ನು ಕೈಯಿಂದ ತಡವುತ್ತಿದ್ದಳು. ತಾಯಿ ಲಕ್ಷ್ಮಿದೇವಮ್ಮ ಅವಳ ತೋಳು ಹಿಡಿದಿದ್ದಳು. ಹುಡುಗಿಯ ಮುಖದಲ್ಲಿ ಏನೋ ಇಲ್ಲವೆನಿಸಿತು. ಏನೆಂದು ಹೊಳೆಯಲು ಪಂಕಜಾಗೆ ಒಂದು ಗಳಿಗೆ ಬೇಕಾಯಿತು.

"ಕನ್ನಡಕ ಎಲ್ಲಮ್ಮಾ ರತ್ನಾ?"

"ಯಾರೋ ತೆಗೆದ್ಬಿಟ್ರು ಆಂಟಿ. ಪರೀಕ್ಷೆ ಹಾಳಾಯ್ತು," ಎಂದಳು ಗಂಗರತ್ನ. ಅಳಲಿಲ್ಲ. ಅತ್ತು ಮುಗಿದಿತ್ತು ಎಂದು ಕಾಣುತ್ತದೆ.

ಎಂಬತ್ತೆಂಟರ ಬೇಸಿಗೆ ಅದು. ಯಲಹಂಕದ ಹಳೇ ಊರಿನ ಆ ಮನೆಯಲ್ಲಿ ಪಂಕಜಾ ತನ್ನ ನಾದಿನಿ ಕೃಷ್ಣವೇಣಿಯ ಜೊತೆಗಿದ್ದಳು. ಗಂಡ ತೀರಿಕೊಂಡ ಮೇಲೆ ನಾದಿನಿಯೇ ಅವಳನ್ನು ಕರೆದುಕೊಂಡು ಬಂದಿದ್ದಳು. ಕೃಷ್ಣವೇಣಿ ಬಹಳ ವರ್ಷ ಕ್ರಿಮಿನಲ್ ಕೋರ್ಟುಗಳಲ್ಲಿ ವಕೀಲಿ ಮಾಡಿದವಳು. ಗಂಟಲ ಆಪರೇಷನ್ ಆದ ಮೇಲೆ ದನಿ ಪಿಸುಮಾತಿಗಿಂತ ಮೇಲೇಳದೆ ಕರಿ ಕೋಟನ್ನು ಪೆಟ್ಟಿಗೆಗೆ ಸೇರಿಸಿದ್ದಳು. ಆದರೆ ಸುತ್ತಲ ಜನ ಅವಳನ್ನು ಬಿಟ್ಟಿರಲಿಲ್ಲ. ಮಾಯವಾದ ಓಲೆ, ಸುಳ್ಳು ರುಜು, ಬೇಲಿ ಸರಿಸಿದವರು ಯಾರು ಎಂಬ ಜಗಳ, ಎಲ್ಲವೂ ಆ ಜಗಲಿಗೇ ಬಂದು ಬಗೆಹರಿಯುತ್ತಿದ್ದವು.

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ವಕೀಲಿ ಓದು ಹೊಸದಾಗಿ ಬಂದ ಕಾಲ. ಸೀಟಿಗೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬಂದು ಪ್ರವೇಶ ಪರೀಕ್ಷೆ ಬರೆಯುತ್ತಿದ್ದರು. ಕೃಷ್ಣವೇಣಿ ಇಬ್ಬರನ್ನು ತಯಾರು ಮಾಡುತ್ತಿದ್ದಳು. ಒಬ್ಬ ಸೇತುರಾಮ, ಪಕ್ಕದ ಬೀದಿಯ ಬ್ಯಾಂಕ್ ಅಧಿಕಾರಿಯ ಮಗ. ಇನ್ನೊಬ್ಬಳು ಅಲ್ಲಾಳಸಂದ್ರದ ಚಿಕ್ಕಬೈರಪ್ಪನ ಮಗಳು ಗಂಗರತ್ನ. ಹತ್ತನೆಯವರೆಗೆ ಕನ್ನಡದಲ್ಲೇ ಓದಿದವಳು. ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಮೊದಮೊದಲು ಕಲ್ಲು ಹೊರುವಂತೆ ಓದುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ಅದರೊಡನೆ ವಾದಕ್ಕೇ ಇಳಿಯುತ್ತಿದ್ದಳು. "ಇವಳು ಎದುರುಪಕ್ಷದ ವಕೀಲೆಯಾಗಿ ಬಂದಿದ್ರೆ ಕೇಸು ಮುಂದೂಡಿ ಅಂತ ನಾನು ವಾಯಿದಾ ಕೇಳ್ತಿದ್ದೆ ಅತ್ತಿಗೆ," ಎಂದು ಕೃಷ್ಣವೇಣಿ ಒಮ್ಮೆ ಹೇಳಿದ್ದಳು.

"ಕೂತ್ಕೊಂಡು ಮೊದಲಿಂದ ಹೇಳು," ಎಂದಳು ಈಗ.

ಗಂಗರತ್ನ ಹೇಳಿದಳು. ಪರೀಕ್ಷೆ ಭಾನುವಾರ. ಬೆಳಿಗ್ಗೆ ಎದ್ದು ಹಾಸಿಗೆ ಪಕ್ಕದ ಗೂಡಿನಲ್ಲಿದ್ದ ಡಬ್ಬಿ ತೆರೆದರೆ ಕನ್ನಡಕವಿಲ್ಲ. ಇದ್ದದ್ದು ಅದೊಂದೇ. ಅಂಗಡಿಗಳು ಮುಚ್ಚಿದ್ದವು. ಮನೆಯೆಲ್ಲ ಹುಡುಕಿ, ಕೊನೆಗೆ ಅಪ್ಪ ಹಾಗೆಯೇ ಬಸ್ಸಿನಲ್ಲಿ ಕರೆದುಕೊಂಡು ಹೋದ.

"ಮೂಗು ಕಾಗದಕ್ಕೆ ತಾಗಿಸ್ಕೊಂಡು ಓದಿದೆ ಮೇಡಂ. ಅಷ್ಟು ಹತ್ರ ಇಟ್ರೆ ಅಕ್ಷರ ಕಾಣತ್ತೆ. ಆದ್ರೆ ಸಾಲು ತಪ್ಪೋಗತ್ತೆ, ತಲೆ ಸಿಡಿಯತ್ತೆ. ಪ್ರಶ್ನೆಯಲ್ಲೇನೋ ತಪ್ಪಿದೆ ಅಂತ ಬೋರ್ಡ್ ಮೇಲೆ ತಿದ್ದಿ ಬರೆದ್ರು, ನಂಗೆ ಬೋರ್ಡೇ ಕಾಣ್ಲಿಲ್ಲ. ಅರ್ಧ ಹಾಗೇ ಉಳೀತು." ಆಮೇಲೆ, "ಉತ್ತರ ಗೊತ್ತಿತ್ತು ಮೇಡಂ," ಎಂದಳು.

ಮುಂದಿನದನ್ನು ಲಕ್ಷ್ಮಿದೇವಮ್ಮ ಹೇಳಿದಳು. ಅವಳ ಅಣ್ಣ ನರಸಿಂಹಯ್ಯ ರತ್ನಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದ. ಸೀಟು ಸಿಕ್ಕಿದರೆ ಓದು, ಇಲ್ಲದಿದ್ದರೆ ಮದುವೆ ಎಂದು ಚಿಕ್ಕಬೈರಪ್ಪ ಮಾತು ಕೊಟ್ಟಿದ್ದ. ಪರೀಕ್ಷೆಯ ಹಿಂದಿನ ರಾತ್ರಿ ನರಸಿಂಹಯ್ಯ ಊಟಕ್ಕೆ ಬಂದು ಅಲ್ಲೇ ಮಲಗಿದ್ದ.

"ನಮ್ಮೆಜಮಾನ್ರು ಪರೀಕ್ಷೆಯಿಂದ ಬಂದೋರೇ ನಮ್ಮಣ್ಣನ್ನ ಊರೋರ ಮುಂದೆ ಕೆನ್ನೆಗೆ ಒಡೆದ್ರು ಅಮ್ಮಾವ್ರೆ. ನೀನೇ ಕದ್ದೋನು ಅಂತ. ನಮ್ಮಣ್ಣ ಒಂದ್ ಮಾತೂ ಆಡ್ನಿಲ್ಲ, ಟವಲ್ ಒದರ್ಕಂಡು ಒಂಟೋದ. ಅವ್ನೇ ಮಾಡಿದ್ರೂ ಗೊತ್ತಾಗ್ಲಿ, ಮಾಡ್ದೆ ಇದ್ರೂ ಗೊತ್ತಾಗ್ಲಿ. ಇಂಗೆ ಬಾಳಕಾಗಲ್ಲ."

ಕೃಷ್ಣವೇಣಿ ಗಂಗರತ್ನಳತ್ತ ಬಾಗಿದಳು. "ಕನ್ನಡಕ ಕೊನೇ ಸಲ ಹಾಕ್ಕೊಂಡಿದ್ದು ಯಾವಾಗ? ಡಬ್ಬಿ ನೋಡಿದ್ದಲ್ಲ, ಕನ್ನಡಕ."

ಹುಡುಗಿ ಯೋಚಿಸಿದಳು. "ಶನಿವಾರ ಸಂಜೆ. ಅವ್ವ ತಲೆಗೆ ಎಣ್ಣೆ ಹಚ್ಚಿ ಎರೀತೀನಿ ಅಂದ್ಲು. ಡಬ್ಬೀಲಿಟ್ಟು ಬಚ್ಚಲಿಗೆ ಹೋದೆ. ಆಮೇಲೆ ಕಣ್ಣಿಗೆ ಸೀಗೆಪುಡಿ ಬಿದ್ದು ಉರೀತಿತ್ತು. ಇವತ್ತು ಓದ್ಬೇಡ ಅಂದ್ರು. ಹಾಗೇ ಉಂಡು ಮಲಗಿದೆ. ಡಬ್ಬಿ ಮುಚ್ಚೇ ಇತ್ತು, ಒಳಗಿದೆ ಅಂದ್ಕೊಂಡೆ." ಮತ್ತೆ ನೆನಪಿಸಿಕೊಂಡು ಹೇಳಿದಳು: "ಎರ್ಕೊಳ್ವಾಗ ಸೇತುರಾಮನ ದನಿ ಕೇಳಿಸ್ತು. ಪ್ರಸಾದ ತಂದುಕೊಟ್ಟು ಹೋದ."

ಪಂಕಜಾಗೆ ಅದು ನೆನಪಿತ್ತು. ಆ ಸಂಜೆ ಸೇತುರಾಮ ಇದೇ ಜಗಲಿಯಲ್ಲಿ ಪೆನ್ನಿಗೆ ಮಸಿ ತುಂಬಲು ಹೋಗಿ ಜೇಬಿನ ಮೇಲೆಲ್ಲ ಚೆಲ್ಲಿಕೊಂಡಿದ್ದ. ಮೊಸರು ಹಚ್ಚಿ ಉಜ್ಜು ಎಂದರೆ, ರತ್ನಂಗೆ ಪ್ರಸಾದ ಕೊಟ್ಟುಬಂದು ಶರ್ಟೇ ಬದಲಾಯಿಸ್ತೀನಿ ಎಂದು ಸೈಕಲ್ ಹತ್ತಿದ್ದ. ಆ ಹುಡುಗನ ಮೇಲೆ ಸಂಶಯಪಡಬೇಕಾಗಿ ಬಂದೀತೇ ಎಂದು ಅವಳಿಗೆ ಭಯವಾಯಿತು. ಸೀಟಿಗೆ ಪೈಪೋಟಿಯಿದ್ದವನು ಅವನೇ ತಾನೆ?

ಮರುದಿನ ಬೆಳಿಗ್ಗೆ ಅತ್ತಿಗೆ ನಾದಿನಿ ಇಬ್ಬರೂ ಅಲ್ಲಾಳಸಂದ್ರಕ್ಕೆ ಹೋದರು. ಕೆರೆಗೆ ಮುಖಮಾಡಿದ ಹೆಂಚಿನ ಮನೆ. ಜಗಲಿಯಲ್ಲಿ ಚಿಕ್ಕಬೈರಪ್ಪನ ತಾಯಿ ಮುನಿಶಾಮಮ್ಮ ಅಕ್ಕಿಯ ಮೊರವನ್ನು ಮುಖಕ್ಕೆ ಒತ್ತಿಕೊಂಡಂತೆ ಹಿಡಿದು ಕಲ್ಲು ಆರಿಸುತ್ತಿದ್ದಳು. ಕುರುಡಿ ಎಂದೇ ಊರೆಲ್ಲ ಕರೆಯುತ್ತಿದ್ದ ಮುದುಕಿ. ಮದುವೆಯಾಗಿ ಬಂದಾಗಲೂ ಹೊಸಿಲು ಎಡವುತ್ತಿದ್ದಳಂತೆ.

ಕೃಷ್ಣವೇಣಿ ಒಳಗೆ ಹೋಗಿ ಗೂಡಿನ ಡಬ್ಬಿಯನ್ನು ತೆರೆದು ಮುಚ್ಚಿದಳು. ಬಿಗಿಯಾದ ಮುಚ್ಚಳ. ಟಪ್ಪೆಂದು ಬಿದ್ದ ಸದ್ದಿಗೆ ಹಿತ್ತಲಲ್ಲಿದ್ದ ಲಕ್ಷ್ಮಿದೇವಮ್ಮ ಏನಾಯಿತೆಂದು ಒಳಗೆ ಬಂದಳು. ಆಮೇಲೆ ಕೃಷ್ಣವೇಣಿ ಕಿಟಕಿಯಿಂದ ಹೊರಗೆ ನೋಡಿದಳು. ಅಂಗಳದಾಚೆ ಬೇವಿನ ಮರ, ಅದರ ಬುಡದಲ್ಲೊಂದು ಕಲ್ಲುಚಪ್ಪಡಿ.

ಜಗಲಿಗೆ ಬಂದು ಮುದುಕಿಯ ಪಕ್ಕ ಕುಳಿತಳು. "ಶನಿವಾರ ಸಾಯಂಕಾಲ ಮನೆ ಹತ್ರ ಯಾರು ಬಂದಿದ್ರು ಅಜ್ಜಿ?"

"ನಾನ್ ಇಲ್ಲೇ ಜಗಲಿ ಮ್ಯಾಲೆ ಕುಂತಿದ್ದೆ ಕಣವ್ವ. ಆ ಐನೋರ ಉಡುಗ ಬಂದಿದ್ದ. ಒಳೀಕ್ ಬರ್ನಿಲ್ಲ. ಬೇವಿನ ಮರದ ತಾವ ಕಲ್ ಮ್ಯಾಲೆ ಪ್ರಸಾದ ಮಡಗ್ಬುಟ್ಟು ಓದ. ಒಳ್ಳೇ ಉಡುಗ. ಪಾಪ, ಜೇಬೆಲ್ಲ ಮಸಿ ಮಾಡ್ಕಂಡಿದ್ದ."

ಕೃಷ್ಣವೇಣಿ ಬೆರಳ ತುದಿಯಿಂದ ಮೊರದ ಅಂಚನ್ನು ಸವರಿ ಎದ್ದಳು. ವಾಪಸು ಬರುವಾಗ ಸೇತುರಾಮನ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: ಪ್ರಸಾದ ಇಡುವಾಗ ಅವನ ಜೊತೆ ಯಾರು ಮಾತಾಡಿದರು?

"ಅಜ್ಜಿ, ಮೇಡಂ. ಜಗಲೀಲಿ ಯಾರೂ ಇರ್ಲಿಲ್ಲ. ನಾಯಿ ಬೊಗಳ್ತಿತ್ತು, ಮರದ ಹತ್ರಾನೇ ನಿಂತು ಕೂಗಿದೆ. ಅಲ್ಲೇ ಮಡಗು ಅಂತ ಕಿಟಕಿ ಒಳಗಿಂದ ಹೇಳಿದ್ರು. ಒಳಗೆ ಕತ್ತಲೆ, ಮುಖ ಕಾಣ್ಲಿಲ್ಲ."

ಆ ಮಧ್ಯಾಹ್ನ ಕೃಷ್ಣವೇಣಿ ಊಟ ಮಾಡಲಿಲ್ಲ. ಪಂಕಜಾ ಒತ್ತಾಯಿಸಿದಾಗ, "ಕೆಲವು ಕೇಸು ಗೆಲ್ಲೋದೇ ಬೇಡ ಅನ್ಸತ್ತೆ ಅತ್ತಿಗೆ," ಎಂದಳು.

ಸಂಜೆ ಬಿಸಿಲು ಇಳಿಯುವಾಗ ಎಲ್ಲರೂ ಚಿಕ್ಕಬೈರಪ್ಪನ ಜಗಲಿಯಲ್ಲಿ ಸೇರಿದರು. ನರಸಿಂಹಯ್ಯನನ್ನು ಲಕ್ಷ್ಮಿದೇವಮ್ಮನೇ ಹೋಗಿ ಕರೆತಂದಿದ್ದಳು. ಅವನು ಕಂಬಕ್ಕೊರಗಿ ಬೇರೆ ಕಡೆ ಮುಖ ಮಾಡಿ ನಿಂತ. ಸೇತುರಾಮ ಮೆಟ್ಟಿಲ ಮೇಲೆ ಕುಳಿತಿದ್ದ. ಕೃಷ್ಣವೇಣಿಯ ದನಿ ಕೇಳಿಸಿಕೊಳ್ಳಲು ಎಲ್ಲರೂ ಹತ್ತಿರ ಸರಿಯಬೇಕಾಯಿತು. ಆದರೂ ನರಸಿಂಹಯ್ಯ ಕಂಬ ಬಿಡಲಿಲ್ಲ.

"ಚಿಕ್ಕಬೈರಪ್ನೋರೆ, ಕನ್ನಡಕ ರಾತ್ರಿ ಕಳುವಾಯ್ತು ಅಂತ ನೀವು ತಿಳ್ಕೊಂಡ್ರಿ. ಬೆಳಿಗ್ಗೆ ಡಬ್ಬಿ ಖಾಲಿ ಇತ್ತಲ್ಲ, ಅದಕ್ಕೆ. ಆದ್ರೆ ಆ ಡಬ್ಬಿ ಮುಚ್ಚಿದ್ರೆ ಹಿತ್ತಿಲವರೆಗೂ ಕೇಳಿಸತ್ತೆ. ತಾಯಿ ಮಗಳು ಅದರ ಪಕ್ಕದಲ್ಲೇ ಮಲಗಿದ್ರು, ಇಬ್ಬರಿಗೂ ಎಚ್ಚರ ಆಗ್ಲಿಲ್ಲ. ಸಂಜೆ ಎರ್ಕೊಂಡ ಮೇಲೆ ರತ್ನ ಡಬ್ಬಿ ತೆಗೆದೇ ಇಲ್ಲ. ಅಂದ್ರೆ ಕನ್ನಡಕ ಹೋಗಿದ್ದು ಅವಳು ಬಚ್ಚಲಲ್ಲಿ ಇದ್ದಾಗ. ಆ ಹೊತ್ತಲ್ಲಿ ಅಂಥ ಸದ್ದನ್ನ ಯಾರೂ ಗಮನಿಸಲ್ಲ. ಆಗ ನಿಮ್ಮ ಭಾವ ಇನ್ನೂ ಈ ಮನೆಗೆ ಬಂದೇ ಇರ್ಲಿಲ್ಲ."

ಚಿಕ್ಕಬೈರಪ್ಪ ತಲೆಯೆತ್ತಲಿಲ್ಲ.

"ಲಕ್ಷ್ಮಿದೇವಮ್ಮ ನೀರು ಹುಯ್ತಿದ್ರು. ನೀವು ಹೊಲದಲ್ಲಿದ್ರಿ. ಸೇತುರಾಮ ಬೇವಿನ ಮರ ದಾಟಿ ಬರ್ಲಿಲ್ಲ, ಅದನ್ನ ಅಜ್ಜಿನೇ ಹೇಳಿದ್ರು. ಜೇಬಿನ ಮೇಲೆ ಮಸಿ ಚೆಲ್ಲಿತ್ತು ಅಂತಾನೂ ಹೇಳಿದ್ರು. ಅದು ನಿಜ. ಆದ್ರೆ ಆ ಶರ್ಟನ್ನ ಅವನು ಇಲ್ಲಿಂದ ಹೋದ ಕೂಡ್ಲೇ ಬದಲಾಯಿಸ್ದ. ಬೇರೆ ಹೊತ್ತಲ್ಲಿ ಅಜ್ಜಿ ಅದನ್ನ ನೋಡಿರೋಕಾಗಲ್ಲ." ಕೃಷ್ಣವೇಣಿ ಉಸಿರು ತೆಗೆದುಕೊಂಡಳು. "ಮೊರ ಮೂಗಿಗೆ ತಾಗಿಸಿದ್ರೆ ಮಾತ್ರ ಅಕ್ಕಿ ಕಾಣೋ ಕಣ್ಣಿಗೆ, ಅಷ್ಟು ದೂರದ ಮಸಿ ಕಲೆ ಹೇಗೆ ಕಾಣಿಸ್ತು?"

ಪಂಕಜಾ ಮುದುಕಿಯ ಕಡೆ ನೋಡಲಾರದೆ ನೆಲ ನೋಡಿದಳು.

"ಅಜ್ಜಿ ಕುರುಡಿಯಲ್ಲ. ರತ್ನ ಪರೀಕ್ಷೇಲಿ ಕಾಗದನ ಹೇಗೆ ಹಿಡಿದ್ಲೋ ಅಜ್ಜಿ ಮೊರನ ಹಾಗೇ ಹಿಡೀತಾರೆ. ಇಬ್ರದ್ದೂ ಒಂದೇ ಕಣ್ಣು, ವಂಶದಿಂದ ಬಂದದ್ದು. ಮೊಮ್ಮಗಳಿಗೆ ಸ್ಕೂಲಲ್ಲಿ ಯಾರೋ ಗುರುತಿಸಿ ಕನ್ನಡಕ ಹಾಕಿಸಿದ್ರು. ಅಜ್ಜಿಗೆ ಯಾರೂ ಹಾಕಿಸ್ಲಿಲ್ಲ. ಮೊಮ್ಮಗಳ ಕನ್ನಡಕ ಹಾಕ್ಕೊಂಡ್ರೆ ಅಜ್ಜಿಗೂ ಲೋಕ ಕಾಣತ್ತೆ. ಆ ಸಂಜೆ ಅವರು ಜಗಲೀಲಿ ಇರ್ಲಿಲ್ಲ. ಆ ಕೋಣೆ ಕಿಟಕೀಲಿ ನಿಂತಿದ್ರು, ಕನ್ನಡಕ ಹಾಕ್ಕೊಂಡು."

ಮುನಿಶಾಮಮ್ಮನ ಕೈ ಮಡಿಲಲ್ಲಿದ್ದ ಎಲೆಯಡಿಕೆ ಚೀಲಕ್ಕೆ ಹೋಯಿತು. ಎಲೆಗಳ ಅಡಿಯಿಂದ ಕನ್ನಡಕ ತೆಗೆದು ಜಗಲಿಯ ಮೇಲಿಟ್ಟಳು. ಒಂದು ಕಡ್ಡಿ ಮುರಿದಿತ್ತು, ಒಂದು ಗಾಜು ಬಿರುಕುಬಿಟ್ಟಿತ್ತು.

"ಕದಿಯಾಕಲ್ಲ ಕಣವ್ವ," ಎಂದಳು. "ಮಗೀಗೆ ಅಷ್ಟು ಓದ್ಸೋ ಅಂತದ್ದು ಅದ್ರಾಗೆ ಏನೈತೆ ಅಂತ ಆಕ್ಕಂಡೆ. ಬೈರ ಕೆರೆ ಏರಿ ಮ್ಯಾಲೆ ಬತ್ತಾ ಇದ್ದ. ಅಷ್ಟು ದೂರದಿಂದ ನನ್ ಮಗ ಅಂತ ಗುರ್ತು ಸಿಕ್ಕಿದ್ದು ಅವತ್ತೇ. ತಲೆ ಎಲ್ಲ ನೆರ್ತೋಗೈತೆ. ನೋಡ್ತಾ ನಿಂತ್ಬುಟ್ಟೆ. ಬಚ್ಚಲ ಬಾಗ್ಲು ಸದ್ದಾಯ್ತು, ಗಾಬ್ರೀಲಿ ಡಬ್ಬಿ ಮುಚ್ಚಿ ಇದನ್ನ ಮಡ್ಲಾಗೆ ಇಕ್ಕಂಡು ಕುಂತೆ. ಲಟಕ್ ಅಂತು."

"ಬೆಳಿಗ್ಗೆ ಹೇಳ್ಬೇಕಿತ್ತಲ್ಲವ್ವಾ!" ಎಂದ ಚಿಕ್ಕಬೈರಪ್ಪ.

"ಎಲ್ರೂ ಅರಚ್ತಿದ್ರಿ. ಬಾಯಿ ಕಟ್ಟೋಯ್ತು. ಮುರ್ದೋಗೈತೆ, ಕೊಟ್ರೂ ಏನು ಬಂತು ಅಂದ್ಕಂಡೆ."

ಗಂಗರತ್ನ ಕನ್ನಡಕವನ್ನು ಕೈಗೆತ್ತಿಕೊಂಡಳು. ಮುರಿದ ಕಡೆ ಬೆರಳಿಂದ ಹಿಡಿದು ಕಣ್ಣಿಗಿಟ್ಟಳು. ಒಂದು ಗಾಜು ಗಟ್ಟಿಯಾಗಿಯೇ ಇತ್ತು. ಅವತ್ತು ಕೈಗೆ ಸಿಕ್ಕಿದ್ದರೆ ಅದರಿಂದಲೇ ಬೋರ್ಡು ಕಾಣುತ್ತಿತ್ತು, ಸಾಲು ಕಾಣುತ್ತಿತ್ತು, ಪರೀಕ್ಷೆ ಮುಗಿಯುತ್ತಿತ್ತು. ಅವಳಿಗೆ ಅದು ಅರ್ಥವಾದದ್ದನ್ನು ಪಂಕಜಾ ಕಂಡಳು. ಹುಡುಗಿ ಕೂಗಾಡುತ್ತಾಳೆ ಎಂದುಕೊಂಡಳು. ಗಂಗರತ್ನ ಅಜ್ಜಿಯ ಪಕ್ಕ ಕುಳಿತು ಕೇಳಿದ್ದು ಇಷ್ಟೇ:

"ಇನ್ನೇನ್ ನೋಡ್ದೆ ಅಜ್ಜಿ?"

"ಕೆರೇಲಿ ಬೆಳ್ಳಕ್ಕಿ," ಎಂದಳು ಮುದುಕಿ. "ಆಮ್ಯಾಕೆ ನೀನು. ಬಚ್ಚಲಿಂದ ಈಚೀಕ್ ಬಂದ್ಯಲ್ಲ, ಒಂದ್ ಗಳಿಗೆ. ನನ್ ತಂಗಿ ತರಾನೇ ಇದೀಯ." ಆಮೇಲೆ ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಅಳತೊಡಗಿದಳು.

ಚಿಕ್ಕಬೈರಪ್ಪ ಎದ್ದು ಹೋಗಿ ಎಲ್ಲರ ಮುಂದೆ ನರಸಿಂಹಯ್ಯನ ಕಾಲಿಗೆ ಬಗ್ಗಿದ. ನರಸಿಂಹಯ್ಯ ತಡೆದ. "ಬುಡಿ ಭಾವ, ಆದದ್ದಾಯ್ತು."

"ಊರೋರ ಮುಂದೆ ಒಡೆದಿವ್ನಿ. ಅದ್ಕೆ ನಾನೇನ್ ಕೊಡಾಕಾಯ್ತದೆ? ಮಾತು ಕೊಟ್ಟಿದ್ದೆ. ರತ್ನ ನಿಮ್ಮನೆ ಸೊಸೆ."

"ಬರೋ ವರ್ಷ ಪರೀಕ್ಷೆ ಮತ್ತೆ ಬರತ್ತೆ," ಎಂದಳು ಕೃಷ್ಣವೇಣಿ. ಆದಷ್ಟು ಗಟ್ಟಿಯಾಗಿ ಹೇಳಲು ಹೋಗಿ ಅವಳ ದನಿ ಪೂರ್ತಿ ಕಟ್ಟಿತು. ಕೆಮ್ಮಿ, ಮತ್ತೆ ಹೇಳಿದಳು: "ಇವಳಿಗೆ ಸೀಟು ಖಂಡಿತ ಸಿಗತ್ತೆ. ಒಂದು ವರ್ಷ ಕಾಯಿರಿ."

"ಅಮ್ಮಾವ್ರೆ, ನಿಜ ತೋರಿಸ್ಕೊಟ್ರಿ. ದೊಡ್ಡ ಉಪಕಾರ," ಎಂದು ಚಿಕ್ಕಬೈರಪ್ಪ ಕೈಮುಗಿದ. "ಇನ್ನು ನಮ್ಮನೆ ಇಸ್ಯ."

ನರಸಿಂಹಯ್ಯ ಬೇಡವೆನ್ನಲಿಲ್ಲ. ಕೆನ್ನೆ ಸವರಿಕೊಂಡು ಹುಡುಗಿಯ ಕಡೆ ಒಮ್ಮೆ ನೋಡಿ, ನೋಟ ತಿರುಗಿಸಿದ.

ಫಲಿತಾಂಶ ಬಂದಾಗ ಸೇತುರಾಮನ ಹೆಸರಿತ್ತು, ಗಂಗರತ್ನಳದ್ದು ಇರಲಿಲ್ಲ. ಶ್ರಾವಣದಲ್ಲಿ ಅವಳು ಹೊಸ ಕನ್ನಡಕ ಹಾಕಿಕೊಂಡು ಮದುವೆಗೆ ಕರೆಯಲು ಬಂದಳು. ಕುಂಕುಮ ಕೊಟ್ಟು ಹೊರಡುವಾಗ ಬಾಗಿಲಲ್ಲಿ ನಿಂತಳು.

"ಮೇಡಂ, ನೀವು ಅವತ್ತು ಹೇಳದೇ ಇದ್ದಿದ್ರೆ ಅಪ್ಪ ಮಾವನ ಮೇಲೆ ಕೋಪದಲ್ಲೇ ಇರ್ತಿದ್ರು. ಈ ಮದುವೆ ನಡೀತಿರ್ಲಿಲ್ಲ."

ಪಂಕಜಾ ಕೈಯಲ್ಲಿದ್ದ ತಟ್ಟೆಯನ್ನು ಹಾಗೆಯೇ ಹಿಡಿದು ನಿಂತಳು. ಅವಳಿಗೂ ಎಷ್ಟೋ ದಿನದಿಂದ ಅದೇ ಕೊರೆಯುತ್ತಿತ್ತು.

"ಅದು ನಂಗೆ ಮೊದಲೇ ಗೊತ್ತಿತ್ತು ರತ್ನಾ," ಎಂದಳು ಕೃಷ್ಣವೇಣಿ.

"ನಂಗೂ ಗೊತ್ತಿತ್ತು, ನಿಮಗೆ ಗೊತ್ತಿತ್ತು ಅಂತ," ಎಂದಳು ಗಂಗರತ್ನ. "ಮಾವ ಮಾಡದ ತಪ್ಪಿಗೆ ಊರಲ್ಲಿ ತಲೆ ತಗ್ಗಿಸಿ ಓಡಾಡ್ತಿದ್ರು. ನಾನಾಗಿದ್ರೂ ಹೇಳ್ಬಿಡ್ತಿದ್ದೆ ಮೇಡಂ."

ಬಗ್ಗಿ ಇಬ್ಬರಿಗೂ ನಮಸ್ಕಾರ ಮಾಡಿ ಅವಳು ಬಸ್ಸಿಗೆ ಹೋದಳು. ಕೃಷ್ಣವೇಣಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಪಂಕಜಾ ಕರೆಯಲಿಲ್ಲ. ಪಕ್ಕದಲ್ಲಿ ಹೋಗಿ ನಿಂತು, ಬೀದಿ ಖಾಲಿಯಾಗುವವರೆಗೆ ನಾದಿನಿಯ ಕೈ ಹಿಡಿದುಕೊಂಡಳು.