ಹೊತ್ತು ಮುಳುಗುವ ಮುನ್ನ

"ನನ್ನ ಮ್ಯಾಲೆ ಕಾವಲು ಇಟ್ಟೀರೇನ್ರಿ?"

ಗೋಕಾಕದ ಮಹಿಳಾ ಕಾಲೇಜಿನ ಗೇಟಿನೆದುರು, ಚಹಾದಂಗಡಿಯವರೆಲ್ಲ ತಿರುಗಿ ನೋಡುವಂತೆ ಕೇಳಿದಳು ರೂಪಾಲಿ.

ಎದುರಿಗೆ ನಿಂತಿದ್ದವನು ಸಮ್ಮೇದ. ಹೋದ ತಿಂಗಳಷ್ಟೇ ಹುಕ್ಕೇರಿಯಿಂದ ಅವಳನ್ನು ನೋಡಲು ಬಂದಿದ್ದ ವರ! ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ಅವನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

'ಕಳ್ಳ! ಏನೋ ಮುಚ್ಚಿಡಾಕತ್ತಾನ...'

ಈ ಅನುಮಾನ ಹುಟ್ಟಿದ್ದು ಇವತ್ತಲ್ಲ, ಮೂಡಲಗಿಯ ತನ್ನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ದಿನವೇ.

ಪಿಯುಸಿ ಮುಗಿದಾಗ ಅಪ್ಪ ಭೂಪಾಲ "ಸಾಕು" ಎಂದಿದ್ದ. "ಬರೇ ಹುಡುಗ್ಯಾರ ಕಾಲೇಜ್ ಅಪ್ಪಾ..." ಎಂದು ಅತ್ತು, ಹಟ ಹಿಡಿದು ಬಿ.ಎಸ್ಸಿ ಸೇರಿದ್ದಳು ನಮ್ಮ ರೂಪಾಲಿ. ಇನ್ನು ಕೊನೆಯ ವರ್ಷ ಬಾಕಿ ಇರುವಾಗ ಈ ಸಂಬಂಧ! ಲಗ್ನವಾದ ಮೇಲೆ ಓದಿಸುವುದು ಬಿಡುವುದು ಅವರ ಮನೆಯವರಿಗೆ ಬಿಟ್ಟದ್ದು ಎಂದು ಅಪ್ಪ ಕೈ ತೊಳೆದುಕೊಂಡಿದ್ದ.

ಅದಕ್ಕೇ ಅವಳು ಅಂದು ಧೈರ್ಯ ಮಾಡಿ ಸಮ್ಮೇದನಿಗೆ ನೇರವಾಗಿ ಹೇಳಿದ್ದಳು. "ನನಗ ಡಿಗ್ರಿ ಮುಗಸಬೇಕ್ರಿ."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಸಂಜಿಗಿ ನಿಮ್ಮ ಕಾಲೇಜ್ ಎಷ್ಟಕ್ಕ ಬಿಡತಾರ್ರಿ?" ಎಂದ.

ಇದೇನು ಪ್ರಶ್ನೆ! ಉತ್ತರ ಕೊಡುವಷ್ಟರಲ್ಲಿ ಅವನ ತಾಯಿ ಸುಂದರಾಬಾಯಿ ಕಿಟಕಿಯತ್ತ ನೋಡಿ ಗಡಬಡಿಸಿ ಎದ್ದಳು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟದ ಜೈನ ವ್ರತ ಅವಳದು. ಊಟದ ಹೊತ್ತಿಗೆ ಮನೆ ಸೇರಬೇಕು ಎಂದು ಹೊರಟೇಬಿಟ್ಟರು. ರೂಪಾಲಿಯ ಮನೆಯಲ್ಲಿ ಆ ನೇಮ ಅಜ್ಜಿಯೊಬ್ಬಳಿಗೇ ಉಳಿದಿತ್ತು, ಹಾಗಾಗಿ ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ!

ಗೇಟು ಕಾಯುವ ದುಂಡವ್ವ ಒಂದು ದಿನ ಕರೆದು ಕಿವಿಯಲ್ಲಿ ಹೇಳಿದಳು. "ತಂಗಿ, ಒಬ್ಬಾಂವ ನಿನ್ನ ವಿಚಾರ ಕೇಳಿ ಹ್ವಾದ. ಪ್ರ್ಯಾಕ್ಟಿಕಲ್ ಇದ್ದ ದಿನ ಎಷ್ಟೊತ್ತಿಗಿ ಬಿಡತಾರು, ಹುಕ್ಕೇರಿ ಕಡಿ ಬಸ್ಸಿಗಿ ಜೋಡಿ ಯಾರರ ಇರ್ತಾರೇನು ಅಂತ..."

ಮರುವಾರ ಗೆಳತಿ ಐಶ್ವರ್ಯ ಬಸ್‌ಸ್ಟ್ಯಾಂಡಿನಿಂದ ಓಡಿ ಬಂದಳು. "ನಿನ್ನ ಸಿಐಡಿ ಕಂಡಕ್ಟರ್ ಜೋಡಿ ಮಾತಾಡಾಕತ್ತಾನ ನೋಡಲೇ! ಮುಖ ತೋರಸವಲ್ಲ!"

ಎಲ್ಲಾ ಹುಡುಗಿಯರೂ ನಕ್ಕರು. ಹೋಗಿ ಇಣುಕಿದ ರೂಪಾಲಿಗೆ ನಗು ಬರಲಿಲ್ಲ, ಅವನು ಸಮ್ಮೇದನೇ! ಲಗ್ನಕ್ಕೆ ಮೊದಲು ಹುಡುಗಿಯ ನಡತೆಯನ್ನು ಗುಟ್ಟಾಗಿ ವಿಚಾರಿಸುವುದು ಊರಲ್ಲಿ ಹೊಸದೇನಲ್ಲ. ಆದರೆ ಸ್ವತಃ ವರನೇ ಬಂದು ಹೊಂಚು ಹಾಕುವುದೆಂದರೆ!

'ಈಗ ಹಿಂಗಿದ್ರ ನಾಳಿ ನನ್ನ ಕಾಲೇಜಿಗೆ ಕಳಸ್ತಾನೇನು? ಬ್ಯಾಡ. ಇಂಥ ಮನಿ ಬ್ಯಾಡ.'

ಆ ನಿರ್ಧಾರ ಹೊತ್ತೇ ಇವತ್ತು ಅವನೆದುರು ನಿಂತಿದ್ದಳು.

"ಈ ಸಂಬಂಧ ಬ್ಯಾಡಂತ ಇವತ್ತ ಅಪ್ಪಾಗ ಹೇಳ್ತೇನಿ. ನನಗ ಕಾಲೇಜ್ ಬಿಡಾಕ ಆಗೂದಿಲ್ರಿ. ನನ್ನ ಮ್ಯಾಲೆ ಸಂಶೆ ಪಡೂ ಗಂಡನೂ ಬ್ಯಾಡ."

ಸಮ್ಮೇದನ ಮುಖ ಬಿಳಿಚಿತು. "ಸಂಶೆ? ನಿಮ್ಮ ಮ್ಯಾಲೆ? ಛೇ... ಛೇ... ಹಂಗಲ್ರೀ..."

"ಮತ್ತ ಆ ಚೀಲದಾಗ ಏನೈತಿ? ತೋರಸ್ರಿ!"

ಅವನು ಚೀಲ ಮುಂದೆ ಚಾಚಿದ. ಒಳಗೆ ಸ್ಟೀಲಿನ ಊಟದ ಡಬ್ಬಿ!

ರೂಪಾಲಿ ಚೀಲದೊಳಗೆ ಇಣುಕಿದಳು. ಪಕ್ಕದಲ್ಲಿದ್ದ ಐಶ್ವರ್ಯಳೂ.

"ಅವ್ವ ನೀವು ಓದೂದು ಬ್ಯಾಡ ಅನ್ನಲಿಲ್ಲ," ಎಂದ ಅವನು ನೆಲ ನೋಡುತ್ತಾ. "ನಮ್ಮ ಮನ್ಯಾಗ ಹೊತ್ತ ಮುಳುಗಿದ ಮ್ಯಾಲೆ ಒಲಿ ಹಚ್ಚೂದಿಲ್ಲ. 'ಸೊಸಿ ತಡಾ ಆಗಿ ಬಂದು ಉಪಾಸ ಮಕ್ಕೊಂಡ್ರ ನನಗ ತುತ್ತು ಹೆಂಗ ಇಳೀತೈತಿ? ಅದಕ್ಕ ಕಾಲೇಜ್ ಹೊಂದೂದಿಲ್ಲ' ಅಂದಳು. ನಾ ಅಂಗಡಿ ಮುಚ್ಚಿ, ಇಲ್ಲಿಂದ ಹುಕ್ಕೇರಿಗಿ ಹೋಗೂ ಸಂಜಿ ಬಸ್ಸಿನ್ಯಾಗ ಕುಂತ ನೋಡಿದೆ. ಪ್ರ್ಯಾಕ್ಟಿಕಲ್ ಇದ್ದ ದಿನ ಘಟಪ್ರಭಾ ದಾಟೂದ್ರಾಗ ಕತ್ತಲಾಕ್ಕೈತಿ."

"ಅದಕ್ಕ...?"

"ಅದಕ್ಕ ಡಬ್ಬಿ. ಗಾಡಿ ಬಿಡೂಕಿಂತ ಮೊದಲ ಇಲ್ಲೇ ಉಂಡ್ರ ಆತಲ್ರಿ. ರೊಟ್ಟಿ ನಾನ ಬಡದೇನಿ... ಅವ್ವಗ ಬಡಿಸಿ ತೋರಿಸಿದೆ. ಹೊರಡೂ ಮುಂದ ಅಕಿನ, ತಾನ ಮಾಡಿದ ಶೇಂಗಾ ಹಿಂಡಿ ಡಬ್ಬ್ಯಾಗ ಹಾಕಿದಳು."

ಅತ್ತೆಯ ಕೈಯ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ! ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕೆ? ಕಣ್ಣು ತುಂಬಿತು ರೂಪಾಲಿಗೆ. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಇದನ್ನ ನನ್ನ ಮುಂದ ಹೇಳಾಕ ಏನಾಗಿತ್ರಿ?"

"ಮಾತು ಪಕ್ಕಾ ಆಗಿಲ್ಲ. ಗೇಟಿನ ಮುಂದ ನಿಮ್ಮ ಜೋಡಿ ಮಾತಾಡಿದ್ರ ಮಂದಿ ನಿಮಗ ಏನರ ಅಂತಾರಂತ ಅಂಜಿದೆ. ತಪ್ಪಾತ್ರಿ. ನಿಮ್ಮನ್ನ ಕೇಳಬೇಕಾಗಿತ್ತು."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅವಳು ಡಬ್ಬಿ ಬಿಚ್ಚಿದಳು. ಐಶ್ವರ್ಯ ಜಾಣತನದಿಂದ ಅತ್ತ ಮುಖ ಮಾಡಿ ಕುಳಿತಳು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚೆಲ್ಲ ಸೀಳು!

"ನೀವು ಉಂಡ್ರ್ಯಾ?"

"ಇಲ್ರಿ. ನೀವು ಏನಂತೀರೋ ಅಂತ... ಗಂಟಲದಾಗ ಇಳೀಲಿಲ್ಲ."

ರೂಪಾಲಿ ಪಶ್ಚಿಮಕ್ಕೆ ನೋಡಿದಳು. ಸೂರ್ಯ ಅಂಗಡಿಗಳ ಮಾಳಿಗೆಯವರೆಗೆ ಇಳಿದಿದ್ದ. ಇನ್ನೂ ತಡ ಮಾಡಿದರೆ ಈ ಮನುಷ್ಯ ಇವತ್ತು ಉಪವಾಸವೇ! ತಟ್ಟನೆ ರೊಟ್ಟಿ ಮುರಿದು, ಹಿಂಡಿ ಹಚ್ಚಿ ಅವನ ಕೈಗಿಟ್ಟಳು.

"ತಗೋರಿ, ಲಗೂನ ಉಣ್ರಿ."

"ಅಂದ್ರ... ಅಪ್ಪಾರಿಗೆ ಏನ ಹೇಳ್ತೀರಿ?"

"ಹೂಂ ಅಂತ ಹೇಳ್ತೇನಿ." ಅವಳು ತಾನೂ ಒಂದು ತುತ್ತು ಮುರಿದುಕೊಂಡು ಡಬ್ಬಿಯನ್ನು ಅವನತ್ತ ಸರಿಸಿದಳು. "ಆದ್ರ ಬರೂ ವರ್ಷ ಕಾಲೇಜ್ ತಪ್ಪಸಾಕಿ ಅಲ್ಲ ನಾ. ಮೊದಲ ಹೇಳಿರ್ತೇನಿ."

"ಡಬ್ಬಿ ತಪ್ಪೂದಿಲ್ಲ ಬಿಡ್ರಿ."

"ಇನ್ನ ಮ್ಯಾಲೆ ಏನರ ಕೇಳೂದಿದ್ರ...?"

"ನಿಮ್ಮನ್ನ ಕೇಳ್ತೇನಿ. ಈಗ ಒಂದು ಕೇಳ್ಲಿ? ರೊಟ್ಟಿ ಹೆಂಗ ಆಗ್ಯಾವ್ರಿ?"

ರೂಪಾಲಿ ಅಗಿದಳು. ಮತ್ತೂ ಅಗಿದಳು. ಕಣ್ಣೀರಿನ ನಡುವೆಯೇ ನಗು ಉಕ್ಕಿತು.

"ಭಾಳ ಬಿರಸ ಆಗ್ಯಾವು... ಇನ್ನೊಂದು ಕೊಡ್ರಿ."