ದಾರಿಗೆ ಅಡ್ಡ ಇಟ್ಟ ಸೂಟ್‌ಕೇಸು

"ಬಚ್ಚಲ ಲೈಟು ಯಾರು ಹಚ್ಚಿಟ್ಟು ಬಂದಿದ್ದು? ಫಿಜಾ!"

"ನಾನಲ್ಲ ಅಮ್ಮಿ! ಲೆಂಕಾ ಮೇಡಂ!"

"ಶ್! ಮೆಲ್ಲಕ ಮಾತಾಡು. ಅವರಿಗೆ ಕೇಳ್ಸುತ್ತೆ. ಮನಿಗೆ ಬಂದ ಮೆಹಮಾನ್ ಅದಾರ ಅವರು. ಹೋಗು, ನೀನೇ ಆರ್ಸಿ ಬಾ."

ಫಿಜಾಗೆ ಮೈಯೆಲ್ಲ ಉರಿಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಈ ಮನೆಯಲ್ಲಿ ಆ ಕೊತ್ತಿ ತಾನೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ಲೆಂಕಾ ಚೆಕ್ ದೇಶದ ಹುಡುಗಿ. ಅಲ್ಲಿ ನೂಲು, ಬಟ್ಟೆಯ ಬಗ್ಗೆ ಇಂಜಿನಿಯರಿಂಗ್ ಓದುತ್ತಾಳೆ. ಒಂದು ಸೆಮಿಸ್ಟರ್ ಮಾತ್ರ ದಾವಣಗೆರೆಯ ಕಾಲೇಜಿನಲ್ಲಿ ಓದಲು ಬಂದಿದ್ದಳು. ಫಿಜಾಳ ಅಬ್ಬಾ ಹಯಾತ್ ಸಾಬ್ ಅವರದು ಗಾದಿ ಅಂಗಡಿ. ಹತ್ತಿಯ ಕೆಲಸ ನೋಡಿದ ಹಾಗೂ ಆಯಿತು ಎಂದು ಕಾಲೇಜಿನ ಪುಷ್ಪಲತಾ ಮೇಡಂ ಅವಳನ್ನು ಇವರ ಮನೆಯಲ್ಲೇ ಇರಿಸಿದ್ದರು.

ಅವಳು ಬಂದು ತಿಂಗಳಾಗಿತ್ತು. ಫಿಜಾಳ ಕೋಣೆ ಅವಳಿಗೆ ಹೋಯಿತು. ಹೊಸ ಗಾದಿಯೂ ಅವಳಿಗೇ. ಎಲ್ಲರೂ ನೆಲದ ಮೇಲೆ ದಸ್ತರ್‌ಖಾನ್ ಹಾಸಿ ಉಣ್ಣುವ ಮನೆಯಲ್ಲಿ ಲೆಂಕಾಗೆ ಮಾತ್ರ ಮೇಜು, ಕುರ್ಚಿ, ಚಮಚ. ಮೊದಲು ಅವಳ ಊಟ, ಆಮೇಲೆ ಉಳಿದವರದು. ಸಾಯಂಕಾಲ ಮನೆಯವರೆಲ್ಲ ಮಂಡಕ್ಕಿ ಮಿರ್ಚಿ ತಿಂದರೆ ಅವಳಿಗೆ ಬ್ರೆಡ್ಡು, ಜಾಮು. ಕುಡಿದ ಲೋಟ ತೊಳೆಯಲು ಎದ್ದರೂ ಅಮ್ಮಿ ಕಸಿದುಕೊಳ್ಳುತ್ತಿದ್ದಳು. "ಬ್ಯಾಡ ಬ್ಯಾಡ, ನೀವು ಕೂಡ್ರಿ."

ಅವತ್ತು ಲೈಟು ಆರಿಸಿದ ಫಿಜಾ ಸೀದಾ ಕೋಣೆಗೆ ಹೋದಳು. ನೋಡಿದರೆ ಅವಳ ಕ್ರಾಫ್ಟ್ ಡಬ್ಬಿ ಮಂಚದ ಕೆಳಗೆ ಬಿದ್ದಿದೆ! ತಡೆಯಲಾಗಲಿಲ್ಲ.

"ಇದು ನನ್ನ ರೂಮು! ಯು ಗೋ!" ಎಂದು ಅಲ್ಲೇ ಓದುತ್ತ ಕೂತಿದ್ದ ಲೆಂಕಾಗೆ ಕೂಗಿ, ಬಾಗಿಲು ದಢಾರನೆ ಹಾಕಿಕೊಂಡು ಬಂದಳು.

ಮರುದಿನವೇ ಪುಷ್ಪಲತಾ ಮೇಡಂ ಫೋನ್ ಮಾಡಿದರು. ಲೆಂಕಾ ಹಾಸ್ಟೆಲ್ಲಿಗೆ ಹೋಗುತ್ತೇನೆ ಎಂದಳಂತೆ. ಸೋಮವಾರ ಬೆಳಿಗ್ಗೆ ಆಟೋ ಬರುತ್ತದಂತೆ.

ಅಮ್ಮಿ ಫೋನ್ ಹಿಡಿದುಕೊಂಡೇ ಒಲೆಯ ಮುಂದೆ ಕೂತುಬಿಟ್ಟಳು. "ನಾವೇನು ಕಡಿಮಿ ಮಾಡಿದ್ವಿ? ನಮ್ ಮನ್ಯಾಗ ಫಾರಿನ್ ಹುಡುಗಿ ಅದಾಳ ಅಂತ ಓಣಿಗೆಲ್ಲ ಹೇಳ್ಕೊಂಡೀನಿ. ಈಗ ಯಾಕ ಹೋದ್ಲು ಅಂತ ಕೇಳಿದ್ರೆ ಏನು ಹೇಳ್ಲಿ?" ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಯಾಕೆ ಹೋಗುತ್ತಿದ್ದಾಳೆ ಎಂದು ಫಿಜಾಗೆ ಗೊತ್ತಿತ್ತು. ಆದರೆ ಬಾಯಿ ಬಿಡಲು ಧೈರ್ಯವಿರಲಿಲ್ಲ. ಕೋಣೆ ವಾಪಸು ಬರುತ್ತದೆ, ಕುಣಿಯಬೇಕಿತ್ತು. ರಾತ್ರಿ ಊಟವೇ ಸೇರಲಿಲ್ಲ.

ಭಾನುವಾರ ಅಮ್ಮಿ ಫಿಜಾಳನ್ನೂ ಲೆಂಕಾಳನ್ನೂ ಕರೆದುಕೊಂಡು ಹರಿಹರಕ್ಕೆ ಹೊರಟಳು. ಅಲ್ಲಿ ಅಮ್ಮಿಯ ಅಕ್ಕ ಖತೀಜಾಬೀ ಇದ್ದರು. ಫಿಜಾಗೆ ಅವರು ಖಾಲಾ. "ಹೋಗೋಕ್ ಮುಂಚೆ ಒಂದ್ಸಲ ಆ ಹುಡುಗೀನ ಕರ್ಕೊಂಡು ಬಾ," ಎಂದು ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಫಿಜಾ ಲೆಂಕಾಳ ಪಕ್ಕದಲ್ಲೇ ಕೂತಳು. ಸಾರಿ ಎಂಬ ಮಾತು ದಾರಿಯುದ್ದಕ್ಕೂ ನಾಲಿಗೆ ತುದಿಯಲ್ಲೇ ಕೂತಿತ್ತು.

ಖಾಲಾಗೆ ಫಾರಿನ್ನೂ ಒಂದೇ, ಪಕ್ಕದ ಓಣಿಯೂ ಒಂದೇ. ಲೆಂಕಾ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಂತೆಯೇ, "ಬಾ ಮಗಳೇ, ಒಳ್ಳೆ ಟೈಮಿಗೆ ಬಂದಿ. ಈ ಬೆಳ್ಳುಳ್ಳಿ ಸುಲಿ," ಎಂದು ಮೊರವನ್ನು ಅವಳ ಕೈಗೇ ಕೊಟ್ಟರು.

"ಅಕ್ಕಾ! ಮೆಹಮಾನ್ ಅದಾರ ಅವರು!" ಅಮ್ಮಿ ಗಾಬರಿಯಾದಳು.

"ಮೆಹಮಾನ್ಕಿ ಮೂರು ದಿನ. ಈಕಿ ಬಂದು ತಿಂಗಳಾತು. ನೀನು ಒಳಗ್ ಬಾ, ಮೀನು ತೊಳಿಬೇಕು."

ಲೆಂಕಾ ಚಾಪೆಯ ಮೇಲೆ ಕೂತು ಸುಲಿಯತೊಡಗಿದಳು. ಖಾಲಾ ಬಂದು ಇಣುಕಿದರು. "ಅಯ್ಯ! ಸಿಪ್ಪಿ ಜೊತಿ ಅರ್ಧ ಬೆಳ್ಳುಳ್ಳಿನೂ ಹೋತಲ್ಲ! ಉಗುರಿಲ್ಲೇನು ನಿನಗ?"

ಲೆಂಕಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಹೀಗೆ ನಗಲು ಬರುತ್ತದೆ ಎಂದೇ ಫಿಜಾಗೆ ಗೊತ್ತಿರಲಿಲ್ಲ. ಫಿಜಾ ಮೆಲ್ಲಗೆ ಪಕ್ಕಕ್ಕೆ ಸರಿದಳು.

"ಮೇಡಂ, ನಾನು ಗೋ ಅಂದೆ ಅಂತ ಹೋಗ್ತಿದೀರಾ?"

ಲೆಂಕಾ ಕಲಿತಿದ್ದ ಕನ್ನಡವನ್ನೆಲ್ಲ ಒಟ್ಟು ಮಾಡಿಕೊಂಡಳು. "ಇಲ್ಲ ಫಿಜಾ. ಅವತ್ತು ನನಗೆ ಖುಷಿ. ನನ್ನ ತಂಗಿ ಕೂಡ ಹಾಗೇ ಜಗಳ. ಡೋರ್ ಕೂಡ ಹಾಗೇ!"

"ಮತ್ತೆ ಯಾಕ?"

"ನಿಮ್ಮ ಮನೆ ತುಂಬ ಒಳ್ಳೆಯದು. ಆದರೆ ನನಗೆ... ಹೋಟೆಲ್ ತರ. ನಾನು ಕೂತರೆ ಎಲ್ಲರೂ ನಿಲ್ಲುತ್ತಾರೆ. ಅಮ್ಮಿಗೆ ಕೆಲಸ ಜಾಸ್ತಿ. ಮನೆಯೊಳಗೆ ನಾನು ಒಬ್ಬಳೇ."

ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಒಟ್ಟಿಗೆ ಊಟಕ್ಕೆ ಕೂತರು. ಲೆಂಕಾಳ ಕೈಯಿಂದ ಅನ್ನ ತಟ್ಟೆಗಿಂತ ಚಾಪೆಗೇ ಹೆಚ್ಚು ಬಿತ್ತು. ಅದಕ್ಕೂ ಖಾಲಾ ಬೈದರು. ಬೈಯುತ್ತಲೇ ಮೀನಿನ ಮುಳ್ಳು ಬಿಡಿಸಿ ಕೊಟ್ಟರು.

ವಾಪಸು ಬರುವಾಗ ಅಮ್ಮಿಗೆ ಎಲ್ಲ ಹೇಳಿಬಿಡಬೇಕು ಎಂದು ಫಿಜಾಗೆ ಅನಿಸಿತು. ಆದರೆ ಕಿಟಕಿಗೆ ತಲೆ ಆನಿಸಿ ಕೂತಿದ್ದ ಅಮ್ಮಿಗೆ 'ನಮ್ಮ ಮನೆ ಹೋಟೆಲ್ ತರ ಐತಂತೆ' ಎಂದು ಹೇಳುವುದು ಹೇಗೆ? ಇನ್ನಷ್ಟು ನೊಂದುಕೊಳ್ಳುತ್ತಾಳೆ.

ಸೋಮವಾರ ಇನ್ನೂ ಬೆಳಕು ಹರಿಯುತ್ತಿತ್ತು. ಲೆಂಕಾ ತನ್ನ ಕೆಂಪು ಸೂಟ್‌ಕೇಸನ್ನು ರಾತ್ರಿಯೇ ತುಂಬಿ ನಡುಮನೆಯ ಬಾಗಿಲಲ್ಲಿ ನಿಲ್ಲಿಸಿದ್ದಳು. ಅಷ್ಟರಲ್ಲಿ ಓಣಿಯಲ್ಲಿ ಕೂಗು ಎದ್ದಿತು.

"ನೀರು ಬಂತು! ನೀರು ಬಂತು!"

ವಾರಕ್ಕೊಮ್ಮೆ ಮುಖ ತೋರಿಸುವ ನಲ್ಲಿ ನೀರು! ಅಮ್ಮಿ ಕೊಡ ಹಿಡಿದು ಓಡಿದಳು. ಅಬ್ಬಾ ಪೈಪು ಹುಡುಕಿದರು. ನೀರು ಬಂದ ದಿನ ಲೆಂಕಾಳ ಬಾಗಿಲ ಹತ್ತಿರ ಯಾರೂ ಸದ್ದು ಮಾಡಬಾರದು ಎಂಬುದು ಅಮ್ಮಿಯ ಕಟ್ಟಪ್ಪಣೆ.

ಫಿಜಾ ಆ ಬಾಗಿಲ ಮುಂದೆ ನಿಂತಳು. ಆಮೇಲೆ ಎರಡೂ ಕೈಯಿಂದ ದಬದಬ ಬಡಿದು, ಮೇಡಂ ಎನ್ನದೆ ಸ್ವಂತ ಅಕ್ಕನನ್ನು ಕರೆಯುವ ಹಾಗೆ ಕೂಗಿದಳು.

"ಆಪಾ! ಲೆಂಕಾ ಆಪಾ! ಏಳು! ನಲ್ಲಿ ಬಂತು! ಕೊಡ ತಗೊಂಡು ಬಾ!"

ಕೆದರಿದ ತಲೆಯಲ್ಲೇ ಲೆಂಕಾ ಓಡಿ ಬಂದಳು. ನೀರು ಹೊತ್ತು ಒಳಗೆ ಬರುತ್ತಿದ್ದ ಅಮ್ಮಿ "ಬ್ಯಾಡ ಬ್ಯಾಡ" ಎನ್ನಲು ಬಾಯಿ ತೆರೆದಳು. ಆದರೆ ಅವಳ ಕಂಕುಳಲ್ಲೊಂದು, ಕೈಯಲ್ಲೊಂದು ತುಂಬಿದ ಕೊಡ. ಮುಂದೆ ಹೆಜ್ಜೆ ಇಟ್ಟವಳ ಕಾಲು ಸೂಟ್‌ಕೇಸಿಗೆ ತಗುಲಿತು. ನೀರು ತುಳುಕಿ ಸೀರೆಯೆಲ್ಲ ತೊಯ್ದಿತು.

"ಥತ್! ದಾರ್ಯಾಗ ಇಡ್ತಾರೇನು ಇದನ್ನ? ಕಣ್ಣು ಕಾಣಲ್ಲೇನು ನಿನಗ? ತಗೊಂಡು ಹೋಗಿ ಒಳಗಿಡು!"

ಅಂದದ್ದು ಯಾರಿಗೆ ಎಂದು ಗೊತ್ತಾದಾಗ ಅಮ್ಮಿ ನಾಲಿಗೆ ಕಚ್ಚಿಕೊಂಡಳು. ಅಬ್ಬಾ ಪೈಪು ಹಿಡಿದು ನಿಂತಲ್ಲೇ ನಿಂತರು.

ಲೆಂಕಾ ಫಿಜಾಳ ಮುಖ ನೋಡಿದಳು.

"ಆಯ್ತು ಅಮ್ಮಿ," ಎಂದಳು ಲೆಂಕಾ. ಸೂಟ್‌ಕೇಸನ್ನು ಎತ್ತಿಕೊಂಡು ಕೋಣೆಗೆ ಹೋಗಿ, ಮಂಚದ ಕೆಳಗೆ ತಳ್ಳಿದಳು. ಅದು ಕೊನೆಯವರೆಗೆ ಸರಿದು ಗೋಡೆಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ಬಂದವಳೇ ಖಾಲಿ ಕೊಡ ಎತ್ತಿಕೊಂಡಳು.

ಅಮ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. ನೀರೋ, ಕಣ್ಣೀರೋ ತಿಳಿಯಲಿಲ್ಲ. "ಅದು ಸಣ್ಣದು. ದೊಡ್ಡ ಕೊಡ ತಗೋ," ಎಂದಳು.

ಈ ಮನೆಯಲ್ಲಿ ಇನ್ನು ಬೈಸಿಕೊಳ್ಳುವವರು ಇಬ್ಬರು. ಅದನ್ನು ನೆನೆದು ಫಿಜಾಗೆ ಎಷ್ಟು ಸಂತೋಷವಾಯಿತೆಂದರೆ ಕೋಣೆಯ ನೆನಪೇ ಬರಲಿಲ್ಲ.

"ಆಪಾ, ಬಚ್ಚಲ ಲೈಟು ಆರ್ಸಿದ್ಯಾ?" ಎಂದು ಕೇಳಿದಳು.

ಲೆಂಕಾ ಬಾಯಿಯ ಮೇಲೆ ಕೈ ಇಟ್ಟುಕೊಂಡು ಒಳಗೆ ಓಡಿದಳು. ಅವಳು ಬರುವ ತನಕ ಫಿಜಾ ಅವಳ ಕೊಡವನ್ನು ನಲ್ಲಿಗೆ ಹಿಡಿದು ನಿಂತಳು.